ಒಂದು ಸಾವು, ಎರಡು ವರದಿ: ಲೆಫ್ಟಿನೆಂಟ್ ಕಾರಾ ಹಲ್ಟ್‌ಗ್ರೀನ್ ಪ್ರಕರಣ

1994ರ ಅಕ್ಟೋಬರ್ 25. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ತೀರದಿಂದಾಚೆ, ಪೆಸಿಫಿಕ್ ಸಾಗರದಲ್ಲಿ ಯುಎಸ್‌ಎಸ್ ಅಬ್ರಹಾಂ ಲಿಂಕನ್ ಎಂಬ ವಿಮಾನವಾಹಕ ಹಡಗು ಇತ್ತು. ಯುದ್ಧ ಏನೂ ನಡೆಯುತ್ತಿರಲಿಲ್ಲ. ಮುಂದಿನ ವರ್ಷದ ದೀರ್ಘ ಯಾನಕ್ಕೆ ಮುಂಚೆ ನಡೆಯುವ ಮಾಮೂಲಿ ತರಬೇತಿ ಅಷ್ಟೇ. ಹಗಲು ಹೊತ್ತಿನಲ್ಲೇ ಒಂದು ಎಫ್-14ಎ ಟಾಮ್‌ಕ್ಯಾಟ್ ವಿಮಾನ ಇಳಿಯಲು ಬಂತು. ಡೆಕ್, ಅಂದರೆ ಹಡಗಿನ ಮೇಲಿನ ರನ್‌ವೇ, ಮುಟ್ಟುವ ಮುಂಚೆಯೇ ಎಡಕ್ಕೆ ಹೊರಳಿ ನೀರಿಗೆ ಬಿತ್ತು. ಹಿಂದಿನ ಸೀಟಿನಲ್ಲಿದ್ದ ಅಧಿಕಾರಿ ಬದುಕಿದರು. ಪೈಲಟ್ ಬದುಕಲಿಲ್ಲ.

ಪೈಲಟ್ ಹೆಸರು ಲೆಫ್ಟಿನೆಂಟ್ ಕಾರಾ ಸ್ಪಿಯರ್ಸ್ ಹಲ್ಟ್‌ಗ್ರೀನ್. ವಯಸ್ಸು 29. ಅಮೆರಿಕದ ನೌಕಾಪಡೆಯಲ್ಲಿ ಹಡಗಿನ ಮೇಲಿಂದ ಫೈಟರ್ ವಿಮಾನ ಹಾರಿಸುವ ಅರ್ಹತೆ ಪಡೆದ ಮೊದಲ ಮಹಿಳೆ.

ಯುವ ಅಧಿಕಾರಿಯೊಬ್ಬರು ತರಬೇತಿ ಹಾರಾಟದಲ್ಲಿ ತೀರಿಹೋದರೆ ಸಾಮಾನ್ಯವಾಗಿ ಎರಡು ಕೆಲಸ ಬೇರೆ ಬೇರೆಯಾಗಿ ನಡೆಯುತ್ತವೆ. ಒಂದು ಕಡೆ ಮನೆಯವರು, ಸಹೋದ್ಯೋಗಿಗಳು ಸೇರಿ ಮಣ್ಣು ಮಾಡುತ್ತಾರೆ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಇನ್ನೊಂದು ಕಡೆ ಮುಚ್ಚಿದ ಕೋಣೆಯಲ್ಲಿ ಯಾಕೆ ಬಿತ್ತು ಅಂತ ತನಿಖೆ ಆಗುತ್ತದೆ. ಕಾರಾ ಅವರ ವಿಷಯದಲ್ಲಿ ಈ ಎರಡೂ ಒಂದರೊಳಗೊಂದು ಕಲಸಿಹೋದವು. ಅವರನ್ನು ಹೊಗಳುವವರು ಎಂಜಿನ್ ಬಗ್ಗೆ ಮಾತಾಡಿದರು. ಎಂಜಿನ್ ಬಗ್ಗೆ ಅನುಮಾನ ಇದ್ದವರು ಅವರ ತರಬೇತಿಯ ಮಾರ್ಕ್ಸ್ ಕೆದಕಿದರು. ನಡುವೆ ಆ ಹುಡುಗಿ ಯಾರು ಅನ್ನೋದೇ ಮರೆತುಹೋಯಿತು. ಅಲ್ಲಿಂದಲೇ ಶುರು ಮಾಡೋಣ.

ಹುಟ್ಟಿದ್ದು 1965ರ ಅಕ್ಟೋಬರ್ 5ರಂದು, ಕನೆಕ್ಟಿಕಟ್ ರಾಜ್ಯದಲ್ಲಿ. ಬೆಳೆದದ್ದು ಷಿಕಾಗೊ, ಟೊರಾಂಟೊ, ಆಮೇಲೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ. ತಾಯಿ ವಕೀಲೆ. ಚಿಕ್ಕಂದಿನಿಂದ ಗಗನಯಾತ್ರಿ ಆಗಬೇಕು ಅನ್ನೋ ಆಸೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಓದಿ 1987ರಲ್ಲಿ ಮುಗಿಸಿದರು. ಗಗನಯಾತ್ರಿ ಆಗಬೇಕಾದರೆ ಮೊದಲು ಜೆಟ್ ಪೈಲಟ್ ಆಗಬೇಕು, ಅದಕ್ಕೆ ನೌಕಾಪಡೆ ಒಳ್ಳೆಯ ದಾರಿ ಅನ್ನೋದು ಅವರ ಲೆಕ್ಕ. ಫ್ಲೋರಿಡಾದ ಪೆನ್ಸಕೋಲದಲ್ಲಿ ಅಧಿಕಾರಿ ತರಬೇತಿ ಆಯಿತು.

ಆಗ ಮಹಿಳಾ ಪೈಲಟ್‌ಗಳಿಗೆ ಯುದ್ಧ ಮಾಡುವ ಸ್ಕ್ವಾಡ್ರನ್ (ವಿಮಾನ ತುಕಡಿ) ಬಾಗಿಲು ಮುಚ್ಚಿತ್ತು. ಹಾಗಾಗಿ ಫ್ಲೋರಿಡಾದ ಕೀ ವೆಸ್ಟ್‌ನಲ್ಲಿ ಇಎ-6ಎ ವಿಮಾನ ಹಾರಿಸುವ ಕೆಲಸ ಸಿಕ್ಕಿತು. ತಮ್ಮದೇ ಪಡೆಯ ಹಡಗುಗಳ ರೇಡಾರ್‌ಗೆ ಶತ್ರುವಿನಂತೆ ಕಾಟ ಕೊಟ್ಟು ಅಭ್ಯಾಸ ಮಾಡಿಸುವುದು ಆ ಸ್ಕ್ವಾಡ್ರನ್ನಿನ ಕೆಲಸ. ಶತ್ರುವಿನ ಪಾತ್ರ ಮಾಡಬಹುದು, ಶತ್ರುವಿನ ಎದುರು ಹೋಗುವ ಹಾಗಿಲ್ಲ! 1993ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಲೆಸ್ ಆಸ್ಪಿನ್ ಆ ನಿರ್ಬಂಧ ತೆಗೆದರು. ಸ್ವಲ್ಪ ದಿನದಲ್ಲೇ ಕಾರಾ ಎಫ್-14 ತರಬೇತಿಗೆ ಸ್ಯಾನ್ ಡಿಯಾಗೊ ಹತ್ತಿರದ ಮಿರಾಮಾರ್ ನೆಲೆಗೆ ಹೋದರು.

ಎತ್ತರ ಸುಮಾರು 6 ಅಡಿ, ಗಟ್ಟಿ ಮೈಕಟ್ಟು. ಹಲ್ಟ್‌ಗ್ರೀನ್ ಅನ್ನೋ ಹೆಸರೂ ಸೇರಿ, ಜೊತೆಗಾರರು ಇಟ್ಟ ಕಾಲ್‌ಸೈನ್, ಅಂದರೆ ಪೈಲಟ್‌ಗಳ ಅಡ್ಡಹೆಸರು, 'ಹಲ್ಕ್' (ಕಾಮಿಕ್ಸಿನ ಹಸಿರು ದೈತ್ಯ). ಒಮ್ಮೆ ಟಿವಿ ಸಂದರ್ಶನಕ್ಕೆ ಮೇಕಪ್ ಹಾಕಿಕೊಂಡು ಕೂತಿದ್ದೇ ತಡ, ಅದು ಮೇಕಪ್ ಕಂಪನಿಯ ಹೆಸರಾದ 'ರೆವ್ಲಾನ್' ಆಯಿತು. ಕಾಲ್‌ಸೈನ್ ಅಂದರೆ ಹಾಗೇ, ನಾವು ಆರಿಸಿಕೊಳ್ಳುವುದಲ್ಲ, ಗೆಳೆಯರು ಕಾಲೆಳೆದು ಅಂಟಿಸುವುದು. ಅದು ಅಂಟಿತು ಅಂದರೆ ಗುಂಪಿಗೆ ಸೇರಿಸಿಕೊಂಡರು ಅಂತ ಅರ್ಥ.

ಈಗ ಒಂದು ವಿಷಯ ನೇರವಾಗಿ ಹೇಳಬೇಕು, ಯಾಕೆಂದರೆ ಮುಂದಿನ ಜಗಳ ಎಲ್ಲಾ ಇದರ ಮೇಲೆಯೇ ನಿಂತಿದೆ. ಎಫ್-14ನ್ನು ಹಡಗಿನ ಮೇಲೆ ಇಳಿಸುವ ಪರೀಕ್ಷೆಯಲ್ಲಿ ಕಾರಾ ಮೊದಲ ಸಲ ಪಾಸಾಗಲಿಲ್ಲ. 1994ರ ಬೇಸಿಗೆಯಲ್ಲಿ ಎರಡನೇ ಸಲ ಪಾಸಾದರು. ಒಟ್ಟು ಲೆಕ್ಕದಲ್ಲಿ ತಂಡದ 7 ಜನರಲ್ಲಿ 3ನೆಯವರು. ಮೊದಲ ಸಲ ಫೇಲಾಗುವುದು ನೌಕಾ ವಿಮಾನಯಾನದಲ್ಲಿ ಅಪರೂಪವೇನಲ್ಲ, ಗಂಡಸರಿಗೂ ಆಗುತ್ತಿತ್ತು. ತಮಗೆ ಯಾವ ರಿಯಾಯಿತಿಯೂ ಬೇಡ, ಕಡಿಮೆ ಮಟ್ಟಕ್ಕೆ ಪಾಸು ಮಾಡಿದರೆ ಹೋಗುವುದು ತಮ್ಮ ಜೀವವೇ ಅನ್ನೋ ಅರ್ಥದ ಮಾತನ್ನು ಅವರೇ ಆಡಿದ್ದರು. ಸತ್ತ ಮೇಲೆ ಆ ಮಾತನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಬಳಸಿಕೊಂಡರು.

ಆ ಕೆಲವು ಸೆಕೆಂಡು

ಹಡಗಿಗೆ ಇಳಿಯುವ ಕ್ರಮ ಹೀಗಿರುತ್ತದೆ. ವಿಮಾನ ಹಡಗಿನ ಪಕ್ಕದಲ್ಲಿ ಮುಂದೆ ಹೋಗಿ, ಎಡಕ್ಕೆ ತಿರುಗಿ, ಹಡಗಿನ ವಿರುದ್ಧ ದಿಕ್ಕಿನಲ್ಲಿ ಹಿಂದಕ್ಕೆ ಬಂದು, ಮತ್ತೆ ಎಡಕ್ಕೆ ತಿರುಗುತ್ತದೆ. ಆ ತಿರುವು ಮುಗಿಯುವ ಹೊತ್ತಿಗೆ ಡೆಕ್ಕಿನ ನಡುಗೆರೆಗೆ ಸರಿಯಾಗಿ ಬಂದಿರಬೇಕು. ಉಳಿಯುವುದು 15-18 ಸೆಕೆಂಡು ಮಾತ್ರ. ಡೆಕ್ಕಿನ ಅಂಚಿನಲ್ಲಿ ನಿಂತ ಲ್ಯಾಂಡಿಂಗ್ ಸಿಗ್ನಲ್ ಆಫೀಸರ್ ಇಡೀ ಹೊತ್ತು ನೋಡುತ್ತಾ ರೇಡಿಯೊದಲ್ಲಿ ಹೇಳುತ್ತಿರುತ್ತಾರೆ. ಅವರೂ ಪೈಲಟ್ಟೇ. ಅವರು ಬೇಡ ಅಂದರೆ ಎದುರು ಮಾತಿಲ್ಲ, ಮೇಲೇರಿ ಹೋಗಬೇಕು.

ಆ ದಿನ ಕಾರಾ ಅವರ ವಿಮಾನ ತಿರುವಿನಲ್ಲಿ ನಡುಗೆರೆ ದಾಟಿ ಆಚೆ ಹೋಯಿತು. ಸರಿಪಡಿಸಿಕೊಳ್ಳಲು ಅವರು ಎಡ ರಡ್ಡರ್ (ವಿಮಾನದ ಮೂಗನ್ನು ಪಕ್ಕಕ್ಕೆ ತಿರುಗಿಸುವ ಬಾಲದ ಪಟ್ಟಿ) ಒತ್ತಿದರು. ವಿಮಾನದ ಮೂಗು ಎಡಕ್ಕೆ ವಾಲಿತು. ಗಾಳಿ ಈಗ ನೇರವಾಗಿ ಬರದೆ ಓರೆಯಾಗಿ ಬರತೊಡಗಿತು. ಎಡ ಎಂಜಿನ್ನಿನ ಬಾಯಿಗೆ ಹೋಗುವ ಗಾಳಿ ಕದಡಿತು. ಎಂಜಿನ್ನಿಗೆ ಉಸಿರು ಕಟ್ಟಿದಂತಾಗಿ ಅದು ತಳ್ಳುವ ಬಲ ಕಳೆದುಕೊಂಡಿತು. ಇದನ್ನು ಕಂಪ್ರೆಸರ್ ಸ್ಟಾಲ್ ಅನ್ನುತ್ತಾರೆ.

ಟಾಮ್‌ಕ್ಯಾಟ್‌ನ ಎರಡು ಎಂಜಿನ್ ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಸುಮಾರು 9 ಅಡಿ ಅಂತರ. ಒಂದು ನಿಂತರೆ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಇಳಿಯುವ ವೇಗ ಕಡಿಮೆ, ಆ ವೇಗದಲ್ಲಿ ರಡ್ಡರ್‌ಗೂ ಅಷ್ಟು ಶಕ್ತಿ ಇರುವುದಿಲ್ಲ. ಸಿಗ್ನಲ್ ಆಫೀಸರ್ ಇಳಿಯಬೇಡ, ಮೇಲೇರು ಅಂದರು. ಕಾರಾ ಆಫ್ಟರ್‌ಬರ್ನರ್ ಹಾಕಿದರು, ಅಂದರೆ ಎಂಜಿನ್ನಿಗೆ ಹೆಚ್ಚುವರಿ ಬಲ ಕೊಡುವ ವ್ಯವಸ್ಥೆ. ಬಲ ಎಂಜಿನ್ ಪೂರ್ತಿ ಬಲದಿಂದ ತಳ್ಳಿತು, ಎಡದ್ದು ಸುಮ್ನೆ ಇತ್ತು. ವಿಮಾನ ಎಡಕ್ಕೆ ಹೊರಳಲು ಶುರುವಾಯಿತು. ರೆಕ್ಕೆ ಸಮ ಮಾಡು ಅನ್ನೋ ಕೂಗು, ಪವರ್ ಅನ್ನೋ ಕೂಗು, ಕೊನೆಗೆ ಇಜೆಕ್ಟ್ (ಸೀಟು ಸಮೇತ ಹೊರಗೆ ಹಾರು) ಅನ್ನೋ ಕೂಗು. ಹಡಗಿನ ಕ್ಯಾಮೆರಾದಲ್ಲಿ ಇದೆಲ್ಲಾ ದಾಖಲಾಗಿದೆ.

ಹಿಂದಿನ ಸೀಟಿನ ಅಧಿಕಾರಿ ಇಜೆಕ್ಷನ್ ಹಿಡಿ ಎಳೆದರು. ಒಬ್ಬರು ಎಳೆದರೆ ಸಾಕು, ಇಬ್ಬರೂ ಹೊರಬರುತ್ತಾರೆ. ಆದರೆ ಒಟ್ಟಿಗೆ ಅಲ್ಲ. ಎರಡು ಸೀಟು ಗಾಳಿಯಲ್ಲಿ ಡಿಕ್ಕಿಯಾಗದಿರಲಿ, ಮುಂದಿನ ಸೀಟಿನ ರಾಕೆಟ್ ಬೆಂಕಿ ಹಿಂದಿನವರಿಗೆ ತಗುಲದಿರಲಿ ಅಂತ ಹಿಂದಿನದು ಮೊದಲು, 0.4 ಸೆಕೆಂಡ್ ತಡವಾಗಿ ಮುಂದಿನದು. ಹಿಂದಿನವರು ಹೊರಬಂದಾಗ ವಿಮಾನ ಇನ್ನೂ ಪೂರ್ತಿ ಹೊರಳಿರಲಿಲ್ಲ. ಆ 0.4 ಸೆಕೆಂಡಿನಲ್ಲಿ ಅದು ಅಡ್ಡಕ್ಕಿಂತ ಜಾಸ್ತಿ ತಿರುಗಿತು. ಕಾರಾ ಅವರ ಸೀಟು ನೇರ ನೀರಿಗೆ ಹಾರಿತು. ಇಬ್ಬರ ಜೀವ ಉಳಿಸಲು ಇಟ್ಟ ಅಂತರವೇ ಒಬ್ಬರ ಜೀವ ತೆಗೆಯಿತು. ಅದು ವಿನ್ಯಾಸದ ತಪ್ಪು ಅಂತ ಹೇಳಲಾಗುವುದಿಲ್ಲ. ಆ ಅಂತರ ಇಲ್ಲದಿದ್ದರೆ ಬೇರೆ ಅಪಘಾತಗಳಲ್ಲಿ ಇಬ್ಬರೂ ಹೋಗುತ್ತಿದ್ದರು.

ಎಂಜಿನ್‌ನ ಹಳೆ ಕಥೆ

ಆ ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿಯ ಟಿಎಫ್30. ಫೈಟರ್ ವಿಮಾನದ ಕುಣಿತಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಗಾಳಿ ಸ್ವಲ್ಪ ಓರೆಯಾದರೂ ಮುನಿಸಿಕೊಳ್ಳುವ ಸ್ವಭಾವ. ಇದು ಗುಟ್ಟೂ ಆಗಿರಲಿಲ್ಲ. 1984ರಲ್ಲೇ ನೌಕಾಪಡೆಯ ಕಾರ್ಯದರ್ಶಿ ಜಾನ್ ಲೇಮನ್ ಅಮೆರಿಕದ ಸಂಸತ್ತಿನ ಮುಂದೆ, ವಿಮಾನಕ್ಕೂ ಎಂಜಿನ್ನಿಗೂ ಇಷ್ಟು ಕೆಟ್ಟ ಜೋಡಿ ಬಹಳ ವರ್ಷದಿಂದ ಆಗಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ದರು. ಎಫ್-14 ಅಪಘಾತಗಳಲ್ಲಿ ಶೇ 28ರಷ್ಟಕ್ಕೆ ಎಂಜಿನ್ನೇ ಕಾರಣ ಅನ್ನೋ ಲೆಕ್ಕವನ್ನೂ ಕೊಟ್ಟಿದ್ದರು. ಆಮೇಲೆ ಜನರಲ್ ಎಲೆಕ್ಟ್ರಿಕ್‌ನ ಎಫ್110 ಎಂಜಿನ್ ಹಾಕಿದ ಎಫ್-14ಬಿ, ಎಫ್-14ಡಿ ಬಂದವು. ಎಲ್ಲಾ ಸ್ಕ್ವಾಡ್ರನ್‌ಗಳಿಗೆ ಸಾಕಾಗುವಷ್ಟು ಬರಲಿಲ್ಲ. ಕಾರಾ ಸೇರಿದ ವಿಎಫ್-213 'ಬ್ಲ್ಯಾಕ್ ಲಯನ್ಸ್' ಹಳೆಯ ಎಫ್-14ಎ ಹಾರಿಸುತ್ತಿತ್ತು.

ಮಣ್ಣಾಗುವ ಮುಂಚೆಯೇ ಫ್ಯಾಕ್ಸ್

ವಿಮಾನ ಒಂದು ಕಿಲೋಮೀಟರ್‌ಗಿಂತ ಆಳಕ್ಕೆ ಮುಳುಗಿತ್ತು. ನೌಕಾಪಡೆ ಅಷ್ಟು ಆಳದಿಂದಲೂ ಅದನ್ನು ಎತ್ತಿಸಿತು. ನವೆಂಬರ್ 12ರಂದು ಕಾರಾ ಅವರ ದೇಹ ಸಿಕ್ಕಿತು, ಇಜೆಕ್ಷನ್ ಸೀಟಿಗೆ ಬೆಲ್ಟ್ ಬಿಗಿದಂತೆಯೇ ಇತ್ತು. ನವೆಂಬರ್ 21ರಂದು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಆದರೆ ಅದಕ್ಕೂ ಮುಂಚೆಯೇ ಪತ್ರಿಕೆ, ಟಿವಿ ಕಚೇರಿಗಳಿಗೆ ಹೆಸರಿಲ್ಲದ ಫ್ಯಾಕ್ಸ್‌ಗಳು ಬರತೊಡಗಿದ್ದವು. ಕರೆಗಳೂ ಬಂದವು. ಆಕೆಗೆ ಅರ್ಹತೆ ಇರಲಿಲ್ಲ, ರಾಜಕೀಯದ ಒತ್ತಡಕ್ಕೆ ಪಾಸು ಮಾಡಿದರು ಅನ್ನೋದು ಅವುಗಳ ಸಾರ. ಕಳಿಸಿದವರು ಹೆಸರು ಹಾಕುವ ಧೈರ್ಯ ಮಾಡಲಿಲ್ಲ. ಇದಕ್ಕೆ ಹಿನ್ನೆಲೆ ಇದೆ. 1991ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಟೇಲ್‌ಹುಕ್ ಸಮ್ಮೇಳನದಲ್ಲಿ ನೌಕಾ ಪೈಲಟ್‌ಗಳು ಮಹಿಳೆಯರ ಮೇಲೆ ಕೈಹಾಕಿದ ಹಗರಣ ನೌಕಾಪಡೆಯ ಮರ್ಯಾದೆ ತೆಗೆದಿತ್ತು. ಅದಾದ ಮೇಲೆ ಮಹಿಳೆಯರಿಗೆ ಅವಕಾಶ ಕೊಡಿ ಅನ್ನೋ ಒತ್ತಡ ನಿಜವಾಗಿಯೂ ಇತ್ತು. ಒತ್ತಡ ಇತ್ತು ಅನ್ನೋದು ಸತ್ಯ. ಅದರಿಂದ ಈ ಒಬ್ಬ ಪೈಲಟ್ಟಿಗೆ ಅರ್ಹತೆ ಇರಲಿಲ್ಲ ಅಂತ ಹೇಳುವುದು ಬೇರೆಯೇ ಮಾತು. ಫ್ಯಾಕ್ಸ್ ಕಳಿಸಿದವರು ಈ ಎರಡನ್ನೂ ಒಂದೇ ಮಾಡಿದರು.

ತಾಯಿಯ ಪರಿಸ್ಥಿತಿ ನೆನೆಸಿಕೊಳ್ಳಿ. ಮಗಳ ಗುಣ ಹೇಳಬೇಕಾದ ಹೊತ್ತಿನಲ್ಲಿ ಮಗಳ ಮಾರ್ಕ್ಸ್ ಹೇಳಬೇಕಾಗಿ ಬಂತು. ತರಬೇತಿ ದಾಖಲೆ ಪತ್ರಿಕೆಗಳಿಗೆ ಸಿಕ್ಕಿತು, 7ರಲ್ಲಿ 3ನೇ ಸ್ಥಾನ ಅನ್ನೋದು ಹೊರಬಂದದ್ದು ಆಗಲೇ. ಬೇರೆ ಯಾವ ಸತ್ತ ಪೈಲಟ್ಟಿನ ಮಾರ್ಕ್ಸ್ ಕಾರ್ಡನ್ನು ಜನ ಹೀಗೆ ಸಾಲುಸಾಲಾಗಿ ಓದಿದ್ದಾರೆ, ಹೇಳಿ?

ಎರಡು ವರದಿ ಯಾಕೆ

1995ರ ಫೆಬ್ರುವರಿ ಕೊನೆಯಲ್ಲಿ ನೌಕಾಪಡೆಯ ಕಾನೂನು ವಿಭಾಗದ ವರದಿ ಹೊರಬಂತು. ಎಡ ಎಂಜಿನ್ ಕೈಕೊಟ್ಟಿದ್ದೇ ಮುಖ್ಯ ಕಾರಣ, ಅದರೊಳಗಿನ ಗಾಳಿ ಹೊರಬಿಡುವ ವಾಲ್ವ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ಅದು ಹೇಳಿತು. ಅದೇ ಪರಿಸ್ಥಿತಿಯನ್ನು ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲಿನ ಅಣಕು ಹಾರಾಟದ ಯಂತ್ರ) ಕೊಟ್ಟಾಗ 9 ಪೈಲಟ್‌ಗಳಲ್ಲಿ 8 ಮಂದಿ ವಿಮಾನ ಕಳೆದುಕೊಂಡರು ಅಂತಲೂ ತಿಳಿಸಲಾಯಿತು.

ಮುಂದಿನ ತಿಂಗಳೇ ಇನ್ನೊಂದು ವರದಿ ಸೋರಿತು. ಅದು ಸುರಕ್ಷತಾ ತನಿಖೆಯದು, ಹೊರಗೆ ಬರಲೇಬಾರದಿತ್ತು. ಅದರ ಒತ್ತು ಬೇರೆ ಕಡೆ. ತಿರುವಿನಲ್ಲಿ ಗೆರೆ ದಾಟಿದ್ದು, ರಡ್ಡರ್ ಒತ್ತಿ ಸರಿಪಡಿಸಲು ಹೋಗಿದ್ದು, ಒಂದೇ ಎಂಜಿನ್ನಿನಲ್ಲಿ ಮೇಲೇರುವಾಗ ಮೂಗು ಎತ್ತುವ ಮಿತಿ ಪಾಲಿಸದೆ ಇದ್ದದ್ದು. ಅಂದರೆ ಪೈಲಟ್ ತಪ್ಪು.

ಕೂಡಲೇ ಕೂಗೆದ್ದಿತು: ನೌಕಾಪಡೆ ಸುಳ್ಳು ಹೇಳಿತು! ನನಗೆ ಹಾಗನ್ನಿಸುವುದಿಲ್ಲ. ಎರಡು ತನಿಖೆಯ ಕೆಲಸವೇ ಬೇರೆ. ಕಾನೂನು ತನಿಖೆ ದಾಖಲೆಗಾಗಿ. ಮನೆಯವರಿಗೆ ಕೊಡಬೇಕು, ಕೋರ್ಟಿಗೆ ಹೋಗಬಹುದು. ಸುರಕ್ಷತಾ ತನಿಖೆ ಮುಂದಿನ ಪೈಲಟ್ ಬದುಕಲಿ ಅಂತ. ಅಲ್ಲಿ ಮಾತಾಡಿದವರ ಮಾತನ್ನು ಶಿಕ್ಷೆಗೆ ಬಳಸುವುದಿಲ್ಲ ಅಂತ ಭರವಸೆ ಕೊಟ್ಟಿರುತ್ತಾರೆ. ಹಾಗಾಗಿ ಜನ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಅಂಥ ವರದಿಯಲ್ಲಿ ಪೈಲಟ್ ಎಲ್ಲಿ ಎಡವಿದರು ಅನ್ನೋದು ಇರಲೇಬೇಕು, ಇಲ್ಲದಿದ್ದರೆ ಅದರಿಂದ ಉಪಯೋಗವಿಲ್ಲ. ಅದನ್ನು ಸೋರಿಸಿದವರು ಕಾರಾ ಅವರಿಗೆ ಮಾತ್ರ ಅನ್ಯಾಯ ಮಾಡಲಿಲ್ಲ. ಮುಂದಿನ ಅಪಘಾತದಲ್ಲಿ ಬಾಯಿಬಿಡಬೇಕಾದ ಸಾಕ್ಷಿಗಳಿಗೂ ಅನುಮಾನ ಹುಟ್ಟಿಸಿದರು.

ಎರಡೂ ವರದಿಯನ್ನು ಪಕ್ಕಪಕ್ಕ ಇಟ್ಟರೆ ಘಟನೆ ಒಂದೇ ಸರಪಳಿಯಾಗಿ ಕಾಣುತ್ತದೆ. ತಿರುವು ಸ್ವಲ್ಪ ತಪ್ಪಿತು, ತಿದ್ದಲು ಹೋದರು, ಬೇರೆ ಎಂಜಿನ್ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಇದು ತಡೆಯಲಿಲ್ಲ. ಗೆರೆ ದಾಟುವ ತಪ್ಪು ಹಡಗಿನ ಪೈಲಟ್‌ಗಳು ದಿನಾ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಸುತ್ತಿ ಬರುತ್ತಾರೆ. ಆ ತಪ್ಪಿಗೆ ಶಿಕ್ಷೆ ಸಾಮಾನ್ಯವಾಗಿ ಒಂದು ಕೆಟ್ಟ ಗ್ರೇಡ್, ಸಾವಲ್ಲ.

9ರಲ್ಲಿ 8 ಅನ್ನೋ ಲೆಕ್ಕದ ಬಗ್ಗೆಯೂ ಒಂದು ಮಾತು. ಅಭಿಮಾನಿಗಳು ಇದನ್ನು ಜಾಸ್ತಿ ಎಳೆಯುತ್ತಾರೆ. ಎಂಜಿನ್ ಕೈಕೊಟ್ಟ ಮೇಲೆ ಉಳಿಯುವುದು ಎಷ್ಟು ಕಷ್ಟ ಅನ್ನೋದಕ್ಕೆ ಅದು ಉತ್ತರ. ಎಂಜಿನ್ ಅಲ್ಲಿಯವರೆಗೆ ಹೋದದ್ದು ಹೇಗೆ ಅನ್ನೋದಕ್ಕೆ ಅಲ್ಲ. ಟೀಕಾಕಾರರು ಈ ಎರಡನೆಯದನ್ನು ಹಿಡಿದು ಮೊದಲನೆಯದನ್ನೇ ತಳ್ಳಿಹಾಕುತ್ತಾರೆ. ಅದೂ ಸರಿಯಲ್ಲ.

ಹನ್ನೆರಡು ವರ್ಷ ಮುಂಚಿನ ಇನ್ನೊಂದು ಸಾವು

ಕಾರಾ ಪ್ರಕರಣದ ಬಗ್ಗೆ ಬರೆಯುವವರು ಬಾರ್ಬರಾ ಆಲನ್ ರೇನಿ ಅವರನ್ನು ಯಾಕೋ ಅಷ್ಟಾಗಿ ನೆನೆಯುವುದಿಲ್ಲ. 1974ರಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್ ಬ್ಯಾಜ್ ಪಡೆದ ಮೊದಲ ಮಹಿಳೆ ಅವರು. 1982ರ ಜುಲೈ 13ರಂದು ಅಲಬಾಮಾದ ಒಂದು ಅಭ್ಯಾಸ ರನ್‌ವೇಯಲ್ಲಿ ಟಿ-34ಸಿ ವಿಮಾನದಲ್ಲಿ ಪಾಠ ಹೇಳಿಕೊಡುತ್ತಿದ್ದರು. ನೆಲ ಮುಟ್ಟಿ ಮತ್ತೆ ಏರುವ ಅಭ್ಯಾಸ. ವಿಮಾನ ಬಿತ್ತು. ಅವರೂ ಹೋದರು, ಕಲಿಯುತ್ತಿದ್ದ ಯುವ ಅಧಿಕಾರಿಯೂ ಹೋದರು. ರೇನಿ ಅವರಿಗೂ ಆರ್ಲಿಂಗ್ಟನ್‌ನಲ್ಲೇ ಸಮಾಧಿ.

ಅಲ್ಲೂ ಇದೇ ಪ್ರಶ್ನೆ ಎದ್ದಿತ್ತು, ಆದರೆ ತಿರುವುಮುರುವಾಗಿ. ನೌಕಾಪಡೆಯ ಕಾನೂನು ವರದಿ, ಖಚಿತವಾಗಿ ಹೇಳುವುದು ಅಸಾಧ್ಯ ಅನ್ನುತ್ತಲೇ, ಪೈಲಟ್ ತಪ್ಪೇ ಇರಬಹುದು ಅಂದಿತು. ರೇನಿ ಅವರ ಪತಿಯೂ ನೌಕಾಪಡೆಯ ವಿಮಾನ ಶಿಕ್ಷಕರು. ಎಂಜಿನ್ನಿನ ಬಲ ಇದ್ದಕ್ಕಿದ್ದಂತೆ ಇಳಿದಿದ್ದೇ ಕಾರಣ ಅಂತ ಅವರು ವಾದಿಸಿದರು. ಇಬ್ಬರ ಮನೆಯವರೂ ವಿಮಾನ ತಯಾರಿಸಿದ ಬೀಚ್ ಕಂಪನಿಯ ಮೇಲೆ ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥ ವರದಿಯ ಅಭಿಪ್ರಾಯಗಳನ್ನೂ ಸಾಕ್ಷ್ಯವಾಗಿ ತೋರಿಸಬಹುದು ಅಂತ 1988ರಲ್ಲಿ ಕೋರ್ಟ್ ಹೇಳಿತು. ಜೊತೆಗೆ, ಪತಿಯ ಪತ್ರದ ಒಂದು ಭಾಗವನ್ನಷ್ಟೇ ತೋರಿಸಿ ಉಳಿದದ್ದನ್ನು ವಿವರಿಸಲು ಬಿಡದಿದ್ದದ್ದು ತಪ್ಪು ಅಂತಲೂ ಹೇಳಿತು. ಇವತ್ತಿಗೂ ಅಮೆರಿಕದ ಕಾನೂನು ವಿದ್ಯಾರ್ಥಿಗಳು ಆ ತೀರ್ಪು ಓದುತ್ತಾರೆ. ರೇನಿ ಯಾರು ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಅದೇ ವಿಮಾನದಲ್ಲಿದ್ದ ಆ ವಿದ್ಯಾರ್ಥಿ ಅಧಿಕಾರಿಯನ್ನಂತೂ ಮನೆಯವರ ಆಚೆ ನೆನೆಯುವವರು ಬಹಳ ಕಡಿಮೆ. ದಾಖಲೆ ಮಾಡಿದವರ ಸಾವಿಗೆ ನೂರು ಜನ ವಾರಸುದಾರರು, ಸುಮ್ನೆ ಕಲಿಯುತ್ತಿದ್ದವರ ಸಾವಿಗೆ ಮನೆಯವರು ಮಾತ್ರ. ಪ್ರಸಿದ್ಧಿ ಇಲ್ಲದ್ದರಿಂದ ಅವರ ಮಾರ್ಕ್ಸನ್ನು ಯಾರೂ ಕೇಳಲಿಲ್ಲ ಅನ್ನೋದೊಂದೇ ಸಮಾಧಾನ.

ನೆನಪು ಉಳಿದ ಬಗೆ

ಕಾರಾ ಅವರ ತಾಯಿ 1998ರಲ್ಲಿ ಮಗಳ ಬಗ್ಗೆ ಪುಸ್ತಕ ಬರೆದರು. ಅದರ ಹೆಸರಿನಲ್ಲಿ ಮಗಳ ಕಾಲ್‌ಸೈನ್ ಇದೆ. ಅವರು ಸರಿಯಾದದ್ದನ್ನೇ ಆರಿಸಿಕೊಂಡರು ಅನ್ನಿಸುತ್ತದೆ. 'ಮೊದಲ ಮಹಿಳೆ' ಅನ್ನೋ ಪಟ್ಟ ಹೊರಗಿನವರು ಕೊಟ್ಟದ್ದು, ಅದನ್ನು ಹೊರಗಿನವರು ಕಿತ್ತುಕೊಳ್ಳಲೂ ನೋಡಿದರು. ಕಾಲ್‌ಸೈನ್ ಜೊತೆಗೆ ಹಾರಿದವರು ಕೊಟ್ಟದ್ದು.

ವಿರೋಧಿಗಳ ಬರಹವೂ ನಿಲ್ಲಲಿಲ್ಲ. 1995ರಲ್ಲಿ ಒಂದು ಸಂಘಟನೆ ಕಾರಾ ಮತ್ತು ಅದೇ ಸ್ಕ್ವಾಡ್ರನ್ನಿನ ಇನ್ನೊಬ್ಬ ಮಹಿಳಾ ಪೈಲಟ್ಟಿನ ತರಬೇತಿ ದಾಖಲೆಗಳನ್ನಿಟ್ಟುಕೊಂಡು, ಇಬ್ಬರಿಗೂ ರಿಯಾಯಿತಿ ಸಿಕ್ಕಿತ್ತು ಅಂತ ಬರೆಯಿತು. ಆ ಇನ್ನೊಬ್ಬರು ಮಾನನಷ್ಟದ ಕೇಸು ಹಾಕಿದರು. ಅವರು ಸಾರ್ವಜನಿಕ ವ್ಯಕ್ತಿ, ಹಾಗಾಗಿ ಮಾನನಷ್ಟ ಸಾಬೀತು ಮಾಡಲು ಕಠಿಣ ಅಳತೆಗೋಲು ದಾಟಬೇಕು ಅಂತ ಕೋರ್ಟ್ ಹೇಳಿತು. ಕೇಸು ಬಿದ್ದುಹೋಯಿತು. ಬದುಕಿದ್ದವರು ಕೋರ್ಟಿಗಾದರೂ ಹೋಗಬಹುದಿತ್ತು, ಕಾರಾ ಅವರಿಗೆ ಅದೂ ಇರಲಿಲ್ಲ.

ನೌಕಾ ವಿಮಾನಯಾನದಲ್ಲಿ ಅಗಲಿದವರಿಗೆ ಒಂದು ಹಾರಾಟ ಇದೆ, ಮಿಸ್ಸಿಂಗ್ ಮ್ಯಾನ್ ಅನ್ನುತ್ತಾರೆ. ನಾಲ್ಕು ವಿಮಾನ ಸಾಲಾಗಿ ಬಂದು, ಒಂದು ಇದ್ದಕ್ಕಿದ್ದಂತೆ ಮೇಲಕ್ಕೇರಿ ಹೋಗುತ್ತದೆ. 2019ರ ಫೆಬ್ರುವರಿ 2ರಂದು ಟೆನ್ನೆಸ್ಸಿಯಲ್ಲಿ ಕ್ಯಾಪ್ಟನ್ ರೋಸ್‌ಮೇರಿ ಮ್ಯಾರಿನರ್ ಅವರ ಅಂತ್ಯಕ್ರಿಯೆಗೆ ಆ ಸಾಲಿನ ಎಲ್ಲಾ ವಿಮಾನಗಳಲ್ಲೂ ಮಹಿಳೆಯರೇ ಇದ್ದರು. ಮ್ಯಾರಿನರ್ ಅವರು ರೇನಿ ಅವರ ಜೊತೆಯವರು, 1974ರ ಮೊದಲ ಗುಂಪಿನವರು. ಮಹಿಳೆಯರನ್ನು ಯುದ್ಧ ವಿಮಾನದಿಂದ ದೂರ ಇಟ್ಟ ನಿಯಮದ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು. ಅವರ ಅಂತ್ಯಕ್ರಿಯೆಯಲ್ಲಿ ಯಾರೂ ಗ್ರೇಡ್ ಕೇಳಲಿಲ್ಲ. 25 ವರ್ಷದಲ್ಲಿ ಅಷ್ಟು ಬದಲಾಗಿತ್ತು.

ಲಿಂಕನ್ ಹಡಗು 1995ರ ಏಪ್ರಿಲ್‌ನಲ್ಲಿ ಮಹಿಳಾ ಪೈಲಟ್‌ಗಳನ್ನೂ ಹೊತ್ತು ಯಾನಕ್ಕೆ ಹೊರಟಿತು. ಎಫ್-14ಗೆ ಹೊಸ ಡಿಜಿಟಲ್ ನಿಯಂತ್ರಣ ವ್ಯವಸ್ಥೆ ಬಂದದ್ದು 1990ರ ದಶಕದ ಕೊನೆಗೆ. ಹಡಗಿಗೆ ಇಳಿಯುವಾಗ ವಿಮಾನ ಹೀಗೆ ಅಡ್ಡಾದಿಡ್ಡಿ ವಾಲುವುದನ್ನು ಅದು ಬಹಳ ಮಟ್ಟಿಗೆ ಹಿಡಿತಕ್ಕೆ ತಂದಿತು. ಟಿಎಫ್30 ಎಂಜಿನ್ನಿನ ಎಫ್-14ಎ ವಿಮಾನಗಳು ಮಾತ್ರ ಕಾರಾ ತೀರಿಕೊಂಡ ಮೇಲೂ ಸುಮಾರು 10 ವರ್ಷ ಹಡಗುಗಳ ಮೇಲಿಂದ ಹಾರುತ್ತಲೇ ಇದ್ದವು.